ಇವತ್ತಿನ ತಪ್ಪು

ಬೂದು ಕೋಟಿನ ಎಡತೋಳಿಗೆ ಹಬೆ ಬಿಡುತ್ತಿದ್ದಾಗ ಮಧ್ಯಾಹ್ನ ಅಪ್ಪನ ನೆನಪಿನ ಸಭೆಯಲ್ಲಿ ಆಡಬೇಕಾದ ಮೊದಲ ವಾಕ್ಯ ಅವಳಿಗೆ ಹೊಳೆಯಿತು. ತೋಳನ್ನು ಮಗುಚಿ ಹಾಕುವಷ್ಟರಲ್ಲಿ ಅದು ಮರೆತೂ ಹೋಯಿತು. ನಮ್ಮಪ್ಪ ಒಳ್ಳೆಯವರಾಗಿದ್ದರು ಎಂದೋ, ಅಂಥದ್ದೇ ಇನ್ನೇನೋ. ಒಳ್ಳೆಯವರಲ್ಲದ ಮೇಷ್ಟ್ರಿಗಾಗಿ ಯಾವ ಶಾಲೆ ಸಭೆ ಕರೆಯುತ್ತದೆ? ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬೆಳಗಿನಿಂದಲೇ ಗೋಡೆಗಳು ಬೆವರುತ್ತಿದ್ದವು. ಕಂಬಿಗೆ ನೇತುಹಾಕಿದ ಬಟ್ಟೆಗಳು ಒಂದರ ಬೆನ್ನಿಗೊಂದು ಅಂಟಿಕೊಂಡು, ತಮ್ಮ ಸರದಿ ಯಾವಾಗ ಎಂದು ಕೇಳುವ ಜನರ ಹಾಗೆ ನಿಂತಿದ್ದವು. ಪ್ರತಿಯೊಂದರ ಕಾಲರಿಗೂ ಪಿನ್ನು ಚುಚ್ಚಿ ಸಿಕ್ಕಿಸಿದ ಹಳದಿ ಚೀಟಿ. ಈ ಕೋಟು ಅವಳದೇ, ಸಭೆಗೆಂದು ಬೆಳಿಗ್ಗೆ ಮನೆಯಿಂದ ಮಡಚಿ ತಂದದ್ದು. ಆದರೂ ಯಜಮಾನರು ಅದಕ್ಕೊಂದು ಚೀಟಿ ಚುಚ್ಚಿಯೇ ಒಳಗೆ ಬಿಟ್ಟಿದ್ದರು. "ಚೀಟಿ ಇಲ್ಲದ ಬಟ್ಟೆ ನಮ್ಮಲ್ಲಿ ಅನಾಥ ಕಣಮ್ಮ, ಯಾರದ್ದೇ ಆಗಿರಲಿ" ಎಂದು ನಕ್ಕಿದ್ದರು. ಅರ್ಧ ದಿನದ ರಜೆ ಕೊಟ್ಟದ್ದರ ಸುಖವನ್ನು ಅವರೇ ಅನುಭವಿಸುತ್ತಿರುವಂತಿತ್ತು. ನಿಮ್ಮ ತಂದೆಯ ಶರ್ಟುಗಳನ್ನು ನಾನೇ ನೋಡಿದ್ದೇನಲ್ಲ, ಬಲತೋಳೆಲ್ಲ ಸೀಮೆಸುಣ್ಣ ಎಂದೂ ಸೇರಿಸಿದರು. ಹೌದು. ಸುಣ್ಣದ ಪುಡಿ ಕಲೆಯಲ್ಲ, ಅದಕ್ಕೆ ನೀರು ಸೋಕಿಸಬಾರದು, ಮೊದಲು ಕೊಡವಬೇಕು ಎಂಬುದನ್ನು ಅವಳು ಈ ಕೆಲಸಕ್ಕೆ ಸೇರುವ ಎಷ್ಟೋ ಮೊದಲೇ, ಮನೆಯ ಹಿತ್ತಲಲ್ಲಿ ಅಪ್ಪನ ಶರ್ಟಿನ ಒಂದು ತುದಿ ಹಿಡಿದು ನಿಂತಾಗಲೇ ಕಲಿತಿದ್ದಳು. ಇನ್ನೊಂದು ತುದಿ ಅಪ್ಪನ ಕೈಯಲ್ಲಿ. ಇಬ್ಬರೂ ಸೇರಿ ಒಮ್ಮೆ ಜೋರಾಗಿ ಕೊಡವಿದರೆ ಬಿಳಿಯ ಮೋಡವೊಂದು ಎದ್ದು, ಅಪ್ಪ ಸುಳ್ಳೇ ಸೀನಿ, "ನೋಡು, ಇವತ್ತಿನ ಪಾಠವೆಲ್ಲ ಗಾಳಿಗೆ ಹೋಯ್ತು" ಎನ್ನುತ್ತಿದ್ದರು.

ಮುಂದಿನ ಕೋಣೆಯಲ್ಲಿ ಗಂಟಲು ಸರಿಮಾಡಿಕೊಂಡ ಸದ್ದಿಗೇ ಅವಳಿಗೆ ಗೊತ್ತಾಯಿತು, ಡ್ರಿಲ್ ಮೇಷ್ಟ್ರು. ಇಪ್ಪತ್ತು ಮೂವತ್ತು ವರ್ಷ ಮೈದಾನದಲ್ಲಿ ಕೂಗಿದವರಿಗೆ ಚಿಕ್ಕ ಕೋಣೆಯಲ್ಲಿ ಹೇಗೆ ಮಾತಾಡಬೇಕೆಂಬುದೇ ಮರೆತುಹೋಗಿರುತ್ತದೆ. "ಏನಮ್ಮಾ, ಪ್ಯಾಂಟು ಆಯ್ತಾ? ಮಧ್ಯಾಹ್ನ ನಿಮ್ಮಪ್ಪನ ಸಭೆಗೆ ಇದನ್ನೇ ಹಾಕ್ಕೋಬೇಕು. ಮಡಿಕೆ ನೆಟ್ಟಗಿರ್ಲಿ, ಇಲ್ಲಾಂದ್ರೆ ಮೇಲಿಂದ ನೋಡಿ 'ಏನ್ರೀ, ಇದು ಸರಳರೇಖೆನಾ' ಅಂತ ಕೇಳಿಬಿಡ್ತಾರೆ ಪುಣ್ಯಾತ್ಮ." ಅವಳು ನಕ್ಕು ಪ್ಯಾಂಟಿನ ಚೀಟಿ ಬಿಚ್ಚಿ, ಕಾಗದ ಸುತ್ತಿ ಕೊಟ್ಟಳು. ಅವರು ಹೋಗಲಿಲ್ಲ. ಗಲ್ಲಾದ ಮರದ ಮೇಲೆ ಮೊಣಕೈ ಊರಿ ನಿಂತರು. "ಆದ್ರೂ ಕೊನೇ ವರ್ಷ ಇತ್ತಲ್ಲ, ನಿಮ್ಮಪ್ಪನ ಕ್ಲಾಸಲ್ಲಿ ನಗು ಅಂದ್ರೆ ನಗು! ನಾನು ಮೈದಾನದಲ್ಲಿ ವಿಶಲ್ ಊದ್ತಾ ಇದ್ರೆ ಅಲ್ಲೀವರೆಗೂ ಕೇಳಿಸೋದು. ಬೋರ್ಡ್ ತುಂಬ ತಪ್ಪಂತೆ. ಹುಡುಗ್ರು ಹಬ್ಬ ಮಾಡ್ಬಿಟ್ರು." ಅವರ ಮುಖದಲ್ಲಿ ಒಂದಿಷ್ಟೂ ಕೆಟ್ಟತನವಿರಲಿಲ್ಲ. ಪ್ಯಾಂಟನ್ನು ಕಂಕುಳಲ್ಲಿಟ್ಟುಕೊಂಡು, "ಮೂರು ಗಂಟೆಗೆ ಸಿಗೋಣ, ಚೆನ್ನಾಗಿ ಮಾತಾಡು" ಎಂದು ಹೊರಟುಹೋದರು. ಅವಳು ಒಳಗೆ ಬಂದು, ಆಗಲೇ ಆಗಿದ್ದ ಬಲತೋಳಿಗೆ ಮತ್ತೊಮ್ಮೆ ಹಬೆ ಬಿಟ್ಟಳು.

ನಕ್ಕದ್ದು ಯಾರನ್ನು ನೋಡಿ? ಅಪ್ಪ ತೀರಿಕೊಂಡ ಮೇಲೆ ಬಂದು ಹೋದವರೆಲ್ಲ ಆಡಿದ ಮಾತುಗಳು ಅವಳೊಳಗೆ ಒಂದರ ಮೇಲೊಂದು ನೀಟಾಗಿ ಮಡಚಿ ಇಟ್ಟಂತೆ ಕೂತಿದ್ದವು. ಔಷಧಿ ಅಂಗಡಿಯವನು ಹಣ ತೆಗೆದುಕೊಳ್ಳದೆ ಅತ್ತದ್ದು, ಬಸ್ಸಿನ ಡ್ರೈವರೊಬ್ಬ ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿ, "ನಿಮ್ಮಪ್ಪ ನಂಗೆ ತಿರುವು ಅಂದ್ರೇನು ಅಂತ ಹೇಳ್ಕೊಟ್ರು" ಎಂದದ್ದು. ಹೆಮ್ಮೆಯಿಂದ ಮೈ ಜುಮ್ಮೆನ್ನುತ್ತಿತ್ತು. ಆದರೆ ಆ ಕೊನೆಯ ವರ್ಷದ ಬಗ್ಗೆ ಯಾರೂ ಹೆಚ್ಚು ಹೇಳುತ್ತಿರಲಿಲ್ಲ. ಹೆಮ್ಮೆಯ ಬಟ್ಟೆಯಲ್ಲಿ ಅಲ್ಲೊಂದು ತೂತು. ಒಳಗೆ ಬೆರಳು ಹೋಗುತ್ತಿತ್ತು, ದಿನವೂ. ತರಗತಿಯ ತುಂಬ ಮಕ್ಕಳು ತನ್ನ ಅಪ್ಪನನ್ನು ನೋಡಿ ನಕ್ಕಿದ್ದರೇ? ಅಪ್ಪ, ಏನೂ ತಿಳಿಯದೆ, ಅವರ ಜೊತೆ ನಕ್ಕಿದ್ದರೇ? ಇದಕ್ಕೆ ಉತ್ತರ ಗೊತ್ತಿಲ್ಲದೆ ವೇದಿಕೆ ಹತ್ತಿ ಏನು ಹೇಳುವುದು?

ತಪ್ಪುಗಳು ಅಪ್ಪನ ಕಸುಬಿನ ಭಾಗ. ಬೋರ್ಡಿನ ಮೇಲೆ ದಿನಕ್ಕೊಂದು ತಪ್ಪನ್ನು ಅವರು ಬೇಕೆಂದೇ ಮಾಡುತ್ತಿದ್ದರು, ನೌಕರಿಗೆ ಸೇರಿದ ಮೊದಲ ವರ್ಷದಿಂದ. ಸುಮ್ಮನೆ ಕೂಡುವಲ್ಲಿ ಕಳೆಯುವಂಥ ತಪ್ಪಲ್ಲ. ಪ್ರಮೇಯದ ಮಧ್ಯದಲ್ಲಿ, ಎಲ್ಲವೂ ಸರಿಯಿರುವಂತೆ ಕಾಣುವ ಸಾಲುಗಳ ನಡುವೆ, ಸಮಾನಾಂತರವೆಂದು ಸಾಧಿಸದೆಯೇ ಎರಡು ರೇಖೆಗಳನ್ನು ಸಮಾನಾಂತರವೆಂದು ಒಪ್ಪಿಕೊಂಡು ಮುಂದೆ ಹೋಗಿಬಿಡುವುದು. ಕಂಡವರು ಎದ್ದು ನಿಂತು "ಸಿಕ್ತು" ಎನ್ನಬೇಕು. ಅಂದರೆ ಸಾಲದು, ಬೋರ್ಡಿನ ಬಳಿ ಬಂದು ತಮ್ಮ ಕೈಯಾರೆ ತಿದ್ದಬೇಕು. ತಿದ್ದಿದವರಿಗೆ ಅಪ್ಪನ ಕೈಯಲ್ಲಿದ್ದ ಸೀಮೆಸುಣ್ಣದ ತುಂಡು. ಊರ ತುಂಬ ಎಷ್ಟು ಮನೆಗಳ ಕಪಾಟಿನಲ್ಲಿ ಆ ತುಂಡುಗಳಿವೆಯೋ. ಔಷಧಿ ಅಂಗಡಿಯವನಂತೂ ಎರಡನ್ನು ಗಾಜಿನ ಬಾಟಲಿಯಲ್ಲಿಟ್ಟಿದ್ದ, ಮಾತ್ರೆಗಳ ಪಕ್ಕದಲ್ಲಿ. "ತಪ್ಪು ಕಂಡಾಗ ಎದೆ ಹಾರುತ್ತಲ್ಲ, ಅದೇ ಲೆಕ್ಕ. ಮಿಕ್ಕಿದ್ದು ಬರವಣಿಗೆ" ಎನ್ನುತ್ತಿದ್ದರು ಅಪ್ಪ.

ಮನೆಯಲ್ಲೂ ಅದೇ ಆಟ. ಸಂಜೆ ಬಾಗಿಲಲ್ಲಿ ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅವಳು ಓಡಿಬಂದು ಅಡಿಯಿಂದ ಮುಡಿಯವರೆಗೆ ಹುಡುಕಬೇಕು. ಗಡಿಯಾರ ಬಲಗೈಯಲ್ಲಿ, ಕನ್ನಡಕ ತಲೆಕೆಳಗು, ಛತ್ರಿಯ ಹಿಡಿಗೆ ಕರವಸ್ತ್ರದ ಟೋಪಿ. "ಸಿಕ್ತು!" ಎಂದು ಕೂಗಿದರೆ ಅಪ್ಪನ ಮುಖದಲ್ಲಿ ಅಚ್ಚರಿ, "ಎಷ್ಟು ಬೇಗ ಕಂಡುಹಿಡಿದೆ!" ಎಂಬ ಉದ್ಗಾರ, ಮತ್ತೆ ಕಿಸೆಯಿಂದ ತುಂಡು. ಅಮ್ಮನಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ಆದ್ದರಿಂದ ಜಡೆ ಹಾಕುತ್ತಿದ್ದವರು ಅಪ್ಪನೇ. ಎರಡೂ ಜಡೆಗಳ ಉದ್ದ ಸಮವಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡುತ್ತಿದ್ದರು, ತಮಾಷೆಗಲ್ಲ. ಒಂದು ದಿನ ಆಟದ ಭರದಲ್ಲಿ ಒಂದು ಜಡೆಗೆ ಕೆಂಪು, ಒಂದಕ್ಕೆ ನೀಲಿ ರಿಬ್ಬನ್ನು ಕಟ್ಟಿಬಿಟ್ಟರು. ಅವಳು ಗಮನಿಸಲಿಲ್ಲ. ತರಗತಿಯಲ್ಲಿ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮನೆಗೆ ಬಂದು ಅತ್ತು, "ನಿಮ್ಮ ಆಟ ನಂಗೆ ಬೇಡ" ಎಂದಳು. ಮರುದಿನ ಅಪ್ಪ ಒಂದು ಕಾಲಿಗೆ ಕಪ್ಪು, ಒಂದಕ್ಕೆ ಬಿಳಿ ಕಾಲುಚೀಲ ತೊಟ್ಟು, ಪ್ಯಾಂಟನ್ನು ತುಸು ಮೇಲೆತ್ತಿ ಕಟ್ಟಿ, ಅವಳ ಕೈಹಿಡಿದು ಶಾಲೆಯ ಗೇಟಿನೊಳಗೆ ನಡೆದರು. ಇಡೀ ದಿನ ಹಾಗೇ ಪಾಠ ಮಾಡಿದರು. ಪ್ರಾರ್ಥನೆಯ ಸಾಲಿನಲ್ಲಿ ನಗು ಹಬ್ಬುತ್ತಿದ್ದಾಗ ಅವಳು ಅಪ್ಪನ ಆ ಎರಡು ಕಾಲುಗಳನ್ನೇ ನೋಡುತ್ತಿದ್ದಳು. ಅಷ್ಟು ನೆಟ್ಟಗೆ ಊರಿದ ಕಾಲುಗಳನ್ನು ಅವಳು ಮತ್ತೆಲ್ಲೂ ಕಂಡಿಲ್ಲ.

ಹಾಗಾದರೆ ಅವರಿಗೆ ನಗುವಿನ ಭಯವಿರಲಿಲ್ಲ, ಸರಿ. ಆದರೆ ಕಾಲುಚೀಲ ಹಾಕಿಕೊಂಡವರು ಅವರೇ. ಹಾಕಿಕೊಂಡದ್ದು ಗೊತ್ತಿಲ್ಲದಿದ್ದರೆ? ಕೋಟನ್ನು ಕಂಬಿಯಿಂದ ತೆಗೆದು ತೊಡುವಾಗ, ಬಾಗಿಲಿನಾಚೆಯಿಂದ, ಅಜ್ಜಿಯೊಂದಿಗೆ ಬಂದಿದ್ದ ತನ್ನ ಪುಟ್ಟ ಮಗಳ ದನಿ ಕೇಳಿ, ಕೆಲವು ವರ್ಷಗಳ ಹಿಂದಿನ ಒಂದು ಸಂಜೆ ಮತ್ತೆ ಎದುರು ಬಂದು ನಿಂತಿತು. ಅವಳ ಈಗಿನ ಮನೆಯ ಬಾಗಿಲು. ಅಪ್ಪ ಮೊಮ್ಮಗಳನ್ನು ನೋಡಲು ಬಂದಿದ್ದಾರೆ. ಶರ್ಟು ಒಳಹೊರಗಾಗಿದೆ, ಹೊಲಿಗೆಯ ನೂಲೆಲ್ಲ ಹೊರಗೆ. "ಸಿಕ್ತು!" ಎಂದು ಅವಳು, ಮೂವತ್ತು ದಾಟಿದ ಹೆಂಗಸು, ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಅಪ್ಪನ ಮುಖ ಒಂದು ಕ್ಷಣ ಒರೆಸಿದ ಬೋರ್ಡಿನಂತೆ ಖಾಲಿಯಾಯಿತು. ಒಂದೇ ಕ್ಷಣ. ಆಮೇಲೆ ಕೆಳಗೆ ನೋಡಿಕೊಂಡು, ನಕ್ಕು, "ಎಷ್ಟು ಬೇಗ ಕಂಡುಹಿಡಿದೆ!" ಎಂದರು. ಒಳಹೊರಗಾದ ಕಿಸೆಗೆ ಕೈ ಹಾಕಲು ಹೋದರು. ಕೈ ಹೋಗಲಿಲ್ಲ. ಅದಕ್ಕೂ ಅವಳು ನಕ್ಕಳು. ಅಂಥ ಸಂಜೆಗಳು ಎಷ್ಟೋ. ಶಾಲೆಯ ಆ ವರ್ಷ ಮುಗಿದು ಅಪ್ಪ ನಿವೃತ್ತರಾದ ಮೇಲೆ ಅಮ್ಮ ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡೇ, ಮರೆವಿನ ಕಾಯಿಲೆಯ ವಿಷಯ ಹೇಳಿದಳು. ಒಂದು ವರ್ಷದ ಹಿಂದೆಯೇ ಡಾಕ್ಟರು ಹೇಳಿದ್ದರಂತೆ. "ನಂಗ್ಯಾಕೆ ಹೇಳ್ಲಿಲ್ಲ?" "ಅವರು ಬೇಡ ಅಂದ್ರು." ಅಷ್ಟೇ. ಅಂದಿನಿಂದ ಅವಳು ಕೂಗಲಿಲ್ಲ. ಅಪ್ಪ ಬಂದಾಗ ಮೆಲ್ಲಗೆ ಹತ್ತಿರ ಹೋಗಿ, ಬೇರೇನೋ ಮಾತಾಡುತ್ತ, ತಪ್ಪಿದ ಗುಂಡಿಗಳನ್ನು ಸರಿಮಾಡುತ್ತಿದ್ದಳು. ಮಗಳಿಗೂ ಗದರಿಸಿ ಹೇಳಿದ್ದಳು: ತಾತನ ಮುಂದೆ ಇನ್ನು ಮೇಲೆ ಹಾಗೆ ಕೂಗಿದರೆ ಜೋಕೆ.

"ಎಷ್ಟೊತ್ತೇ?" ಎಂದಳು ಅಮ್ಮ ಹೊರಗಿನಿಂದ. ಮೊಮ್ಮಗಳ ಕೈ ಹಿಡಿದು ನಿಂತಿದ್ದಳು. ಬೇರೆಯವರಿಗೆ ಗೊತ್ತಾಗದಷ್ಟು ಪೌಡರು ಹಾಕಿದ್ದಳು, ಹೆತ್ತ ಮಗಳಿಗೆ ಮಾತ್ರ ಗೊತ್ತಾಗುವಷ್ಟು. ಮೂವರೂ ನಡೆದರು. ಬೀಗ ರಿಪೇರಿಯವನ ಅಂಗಡಿ, ಟೈಪಿಂಗ್ ಶಾಲೆ, ಸದಾ ಮುಚ್ಚಿದ ಸಿನಿಮಾ ಮಂದಿರ. "ಏನು ಹೇಳ್ತೀಯ ಅಲ್ಲಿ?" ಎಂದು ಅಮ್ಮ ಕೇಳಿದಳು. "ಗೊತ್ತಿಲ್ಲಮ್ಮ." "ಒಳ್ಳೇದಾಯ್ತು. ನಿಮ್ಮಪ್ಪನೂ ಏನೂ ತಯಾರಿ ಇಲ್ದೆ ನನ್ನನ್ನ ನೋಡೋಕೆ ಬಂದು, ಬಾಯಿ ಕಟ್ಟಿ, ಕೊನೆಗೆ ನಮ್ಮ ಮನೆ ಕಿಟಕಿ ಒಂದು ಕಡೆ ವಾಲಿದೆ ಅಂತ ಹೇಳಿ ಹೋದ್ರು. ನಮ್ಮಪ್ಪ ಉರಿದುಬಿದ್ರು. ಅಳೆದು ನೋಡಿದ್ರೆ ವಾಲಿತ್ತು." ಮಗು ನಕ್ಕಿತು. ಅವಳೂ ನಕ್ಕಳು. ಆದರೆ ಆ ನಗುವಿನಡಿಯಲ್ಲೇ ಡ್ರಿಲ್ ಮೇಷ್ಟ್ರ ವಿಶಲ್ಲಿನ ಮಾತು ಕೊರೆಯುತ್ತಿತ್ತು. ಮಗಳು ಮಾತ್ರ ನಡುವೆ ನಡುವೆ ಹಿಂದೆ ಬಿದ್ದು, ಮತ್ತೆ ಓಡಿಬಂದು, ಬಾಯಿ ತೆರೆದು, ಏನೋ ನೆನಪಾದಂತೆ ಮುಚ್ಚಿಕೊಳ್ಳುತ್ತಿದ್ದಳು. "ಏನೇ?" ಎಂದರೆ "ಏನಿಲ್ಲ" ಎಂದಳು. ಅವಳಿಗೆ ವಿಚಾರಿಸುವಷ್ಟು ವ್ಯವಧಾನವಿರಲಿಲ್ಲ.

ಸಭಾಂಗಣದಲ್ಲಿ ಕುರ್ಚಿ ಜೋಡಿಸುವ ಗದ್ದಲ. ಅಮ್ಮ ಮೊಮ್ಮಗಳೊಂದಿಗೆ ಮುಂದಿನ ಸಾಲಿನಲ್ಲಿ ಕೂತಳು. ಅವಳು ಕೂರಲಾರದೆ ಉದ್ದನೆಯ ಪಡಸಾಲೆಯಲ್ಲಿ ನಡೆದು ಅಪ್ಪನ ತರಗತಿಯ ಬಾಗಿಲಿಗೆ ಬಂದಳು. ಒಳಗೆ ಕೊನೆಯ ಬೆಂಚಿನಲ್ಲಿ ಎತ್ತರದ ಹುಡುಗಿಯೊಬ್ಬಳು ಮಂಡಿ ಮಡಚಿಕೊಂಡು ಕೂತಿದ್ದಳು. ಬೆಂಚು ಅವಳಿಗೆ ಚಿಕ್ಕದಾಗಿತ್ತು. "ನೀವು ಸಾರ್ ಮಗಳಲ್ವಾ ಅಕ್ಕ? ಸಾರ್ ಥರಾನೇ ಬಾಗಿಲಲ್ಲೇ ನಿಂತ್ರಿ" ಎಂದು ಎದ್ದಳು. ಅಪ್ಪನ ಕೊನೆಯ ತರಗತಿಯವಳು. ಎಲ್ಲದಕ್ಕೂ ವಾದ ಹೂಡುತ್ತಿದ್ದುದರಿಂದ ಅಪ್ಪ ಲಾಯರಮ್ಮ ಎಂದು ಕರೆಯುತ್ತಿದ್ದ ಹುಡುಗಿ. ಈಗ ಕಾಲೇಜಿನಲ್ಲಿ ಓದುತ್ತಾಳಂತೆ, ಕಾನೂನಲ್ಲ, ಲೆಕ್ಕವನ್ನೇ. ಬಾಗಿಲಲ್ಲಿ ನಿಂತವಳ ಬಾಯಿಂದ ಯಾವ ಪೀಠಿಕೆಯೂ ಇಲ್ಲದೆ ಮಾತು ಹೊರಬಿತ್ತು:

"ನೀವೆಲ್ಲ ಅಪ್ಪನ್ನ ನೋಡಿ ನಗ್ತಿದ್ರಾ?"

ಹುಡುಗಿಯ ಮುಖ ಕೆಂಪಾಯಿತು. "ಯಾರಂದ್ರು?"

"ಮೈದಾನದವರೆಗೂ ಕೇಳಿಸ್ತಿತ್ತಂತೆ."

"ಕೇಳಿಸ್ತಿತ್ತು" ಎಂದಳು ಲಾಯರಮ್ಮ. "ಕೂತ್ಕೊಳ್ಳಿ ಅಕ್ಕ."

ಕೂತಳು. ಬೋರ್ಡಿನಲ್ಲಿ ಯಾರದೋ ಭೂಗೋಳದ ನಕ್ಷೆಯಿತ್ತು. ಹುಡುಗಿ ಅದನ್ನು ನೋಡುತ್ತಲೇ ಹೇಳಿದಳು. "ಆ ವರ್ಷದ ಶುರುವಿನಲ್ಲಿ ಒಂದು ದಿನ ಸಾರ್ ಬೋರ್ಡ್ ತುಂಬ ಬರೆದ್ರು. ಒಂದೇ ಸಲಕ್ಕೆ ನಾಲ್ಕೈದು ತಪ್ಪು. ನಾವೆಲ್ಲ ನಂದು ಮೊದ್ಲು ನಂದು ಮೊದ್ಲು ಅಂತ ಎದ್ದು ಕಿರುಚಾಡಿದ್ವಿ. ಸಾರ್ ಬೋರ್ಡನ್ನೇ ನೋಡ್ತಾ ನಿಂತ್ರು. ಡಸ್ಟರ್ ತಗೊಂಡ್ರು, ಒರೆಸಲಿಲ್ಲ, ಕೆಳಗಿಟ್ರು. 'ಕೂತ್ಕೊಳ್ಳಿ' ಅಂದ್ರು. 'ಇದ್ರಲ್ಲಿ ನಾನು ಬೇಕಂತ ಮಾಡಿದ್ದು ಒಂದೇ. ಮಿಕ್ಕಿದ್ದು ತಾವಾಗೇ ಬಂದಿವೆ. ಇನ್ಮೇಲೆ ಬರ್ತಾನೇ ಇರ್ತಾವಂತೆ, ಡಾಕ್ಟರು ಹೇಳಿದ್ದಾರೆ' ಅಂದ್ರು. ಕಾಯಿಲೆ ಹೆಸರೂ ಹೇಳಿದ್ರು, ಬೋರ್ಡ್ ಮೇಲೆ ಬರೆದ್ರು ಕೂಡ, ಪಾಠದ ಹೆಸರು ಬರೆಯೋ ಹಾಗೆ. 'ಹೆಡ್‌ಮಿಸ್ಸಿಗೆ ಇವತ್ತೇ ಹೇಳ್ತೀನಿ. ಅವರು ಬೇಡ ಅಂದ್ರೆ ಮನೆಗೆ ಹೋಗ್ತೀನಿ. ಇರಿ ಅಂದ್ರೆ, ನಾನು ಬರೆದೆ ಅಂತ ನೀವು ಒಂದು ಸಾಲನ್ನೂ ನಂಬೋ ಹಾಗಿಲ್ಲ. ಪ್ರತಿ ಸಾಲೂ ನಿಮ್ಮ ಕೈಯಾರೆ ಮಾಡಿ ನೋಡ್ಬೇಕು. ಆಗುತ್ತಾ?' ಅಂದ್ರು. ನಾನು ಎದ್ದು ನಿಂತೆ, ನಂಗೆ ಬಾಯಿ ಜಾಸ್ತಿ. 'ಸಾರ್, ಬೇಕಂತ ಮಾಡದೇ ಇರೋ ತಪ್ಪಿಗೂ ಚಾಕ್‌ಪೀಸ್ ಕೊಡ್ತೀರಾ?' ಅಂತ ಕೇಳ್ದೆ."

ಅವಳು ಬೆಂಚಿನಲ್ಲೇ ಹುಡುಗಿಯತ್ತ ಪೂರ್ತಿ ತಿರುಗಿ ಕೂತಳು.

"ಸಾರ್ ನಕ್ರು ಅಕ್ಕ. ಎಷ್ಟು ನಕ್ರು ಅಂದ್ರೆ ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು. ಆಗ ನಾವೂ ನಕ್ವಿ. ಅದೇ ಮೈದಾನಕ್ಕೆ ಕೇಳಿಸಿದ್ದು, ಮೊದಲನೇ ಸಲ. ಆಮೇಲೆ ದಿನಾ ಇತ್ತು. ಹೆಡ್‌ಮಿಸ್ ಬಂದು ಇದೇ ಬೆಂಚಲ್ಲಿ ಕೂತು ನೋಡಿದ್ರು, ಬೇಡ ಅನ್ನದೆ ಎದ್ದು ಹೋದ್ರು. ಆ ವರ್ಷ ನಮ್ಮಲ್ಲಿ ಲೆಕ್ಕದಲ್ಲಿ ಒಬ್ಬರೂ ಫೇಲಾಗ್ಲಿಲ್ಲ. ಆಗೋಕೆ ಸಾರ್ ಬಿಡ್ಲೇ ಇಲ್ವಲ್ಲ. ಬೇರೆ ಕ್ಲಾಸಿನವರು ನೋಡಿ ಬರ್ಕೊಂಡ್ರು, ನಾವು ನೋಡಿ ಜಗಳ ಆಡಿದ್ವಿ."

ತನ್ನ ಅಪ್ಪ ಇಲ್ಲಿ, ಈ ಮರದ ಕಟ್ಟೆಯ ಮೇಲೆ ನಿಂತು, ತನ್ನ ತಲೆಯೊಳಗೆ ಕುಸಿಯುತ್ತಿದ್ದುದನ್ನೇ ಪಾಠವಾಗಿಸಿದ್ದರು. ಎರಡು ಬಣ್ಣದ ಕಾಲುಚೀಲದ ಆ ಕಾಲುಗಳೇ ಇವು. ಆ ಹೆಮ್ಮೆಯ ಅಂಚಿನಲ್ಲೇ ಚುಚ್ಚುವಂಥದ್ದೂ ಒಂದಿತ್ತು. ಇಡೀ ತರಗತಿಗೆ ಹೇಳಿದವರು ತನಗೊಬ್ಬಳಿಗೆ ಹೇಳಲಿಲ್ಲ. ಮುಖದಲ್ಲಿ ಅದು ಕಂಡಿತೋ ಏನೋ, ಹುಡುಗಿ ಮುಂದುವರಿಸಿದಳು:

"ಮನೇಲಿ ಹೇಳಿದೀರಾ ಸಾರ್ ಅಂತಾನೂ ನಾನೇ ಕೇಳ್ದೆ. 'ಹೆಂಡತಿಗೆ ಗೊತ್ತು, ಮಗಳಿಗೆ ಹೇಳಿಲ್ಲ' ಅಂದ್ರು. 'ಅವಳಿಗೆ ಮಗುವಾಗಿದ್ರೂ, ನಾನು ಹೋದ್ರೆ ಬಾಗಿಲಲ್ಲೇ ಸಿಕ್ತು ಅಂತ ಕೂಗ್ತಾಳೆ. ಗೊತ್ತಾದ್ರೆ ಕೂಗಲ್ಲ. ಮೆತ್ತಗೆ ಬಂದು ಗುಂಡಿ ಸರಿ ಮಾಡ್ತಾಳೆ. ಇನ್ನಷ್ಟು ದಿನ ಕೂಗ್ಲಿ ಬಿಡಿ. ಅದನ್ನ ಕೇಳೋಕೇ ಸಂಜೆ ಆಗ್ಲಿ ಅಂತ ಕಾಯ್ತಿರ್ತೀನಿ' ಅಂದ್ರು."

ಸಭಾಂಗಣದಿಂದ ಯಾರೋ ಅವಳನ್ನು ಕರೆಯುತ್ತ ಬಂದರು. ಮತ್ತೆ ಪಡಸಾಲೆ, ಮೆಟ್ಟಿಲು, ಮೈಕಿನ ಕೀಚಲು ಸದ್ದು. ಆ ಕಡೆಯ ವರ್ಷಗಳಲ್ಲಿ, ಗೊತ್ತಾದ ಮೇಲೆ, ಅವಳು ಅಷ್ಟು ಎಚ್ಚರದಿಂದ, ಅಷ್ಟು ಪ್ರೀತಿಯಿಂದ ಸರಿಮಾಡಿದ ಒಂದೊಂದು ಗುಂಡಿಯೂ ಬೆರಳ ತುದಿಯಲ್ಲಿ ಹಿಂತಿರುಗಿತು. ಅಪ್ಪ ಬಾಗಿಲಲ್ಲಿ ಎಷ್ಟೋ ಹೊತ್ತು ನಿಲ್ಲುತ್ತಿದ್ದುದು ದಾರಿ ಮರೆತಲ್ಲ. ಕಾಯುತ್ತಿದ್ದರು. ವೇದಿಕೆಯ ಮೇಲಿಂದ ನೋಡಿದರೆ ಸಭಾಂಗಣ ತುಂಬಿತ್ತು. ಔಷಧಿ ಅಂಗಡಿಯವನು, ಡ್ರೈವರು, ನೆಟ್ಟನೆಯ ಮಡಿಕೆಯ ಪ್ಯಾಂಟಿನಲ್ಲಿ ಡ್ರಿಲ್ ಮೇಷ್ಟ್ರು, ಹಿಂದಿನ ಗೋಡೆಗೆ ಒರಗಿ ಲಾಯರಮ್ಮ. ಅವಳು ಮುಂದಿನ ಸಾಲಿನಲ್ಲಿದ್ದ ಅಮ್ಮನತ್ತ ತಿರುಗಿ, ಮತ್ತೆ ಮೈಕಿಗೆ ಬಾಯಿ ಕೊಟ್ಟು, "ನಮ್ಮಪ್ಪ" ಎಂದಳು.

"ಅಮ್ಮಾ, ಸಿಕ್ತು!"

ಮಗಳು ಕುರ್ಚಿಯ ಮೇಲೆ ಎದ್ದು ನಿಂತು ಅವಳ ಕೊರಳಿನತ್ತ ಬೆರಳು ತೋರಿಸುತ್ತಿದ್ದಳು. ಕೂಗಿದ ಮೇಲೆ ಅಮ್ಮನ ಗದರಿಕೆ ನೆನಪಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ವೇದಿಕೆಯ ಮೇಲಿದ್ದವಳ ಕೈ ತಾನಾಗಿಯೇ ಕಾಲರಿನ ಹಿಂದೆ ಹೋಯಿತು. ಹಳದಿ ಚೀಟಿ. ಪಿನ್ನಿನ ಸಮೇತ. ಬೀಗದ ಅಂಗಡಿ, ಟೈಪಿಂಗ್ ಶಾಲೆ, ಇಡೀ ಬೀದಿ ದಾಟಿ, ದಿನಕ್ಕೆ ನೂರಾರು ಚೀಟಿ ಬಿಚ್ಚುವವಳು ತನ್ನದನ್ನು ಬಿಚ್ಚದೆ ಬಂದಿದ್ದಳು. ಒಂದು ಕ್ಷಣ ಎಲ್ಲವೂ ಖಾಲಿ. ಅಪ್ಪನ ಮುಖದಲ್ಲಿ ತಾನು ಕಂಡಿದ್ದ ಆ ಖಾಲಿಯೊಳಗೆ ಈಗ ಅವಳು ನಿಂತಿದ್ದಳು, ಮತ್ತು ಅಲ್ಲಿಂದ ನೋಡಿದರೆ ಕಾಣುತ್ತಿದ್ದುದು ಒಂದೇ: ತನ್ನನ್ನು ಅಡಿಯಿಂದ ಮುಡಿಯವರೆಗೆ, ಒಂದು ಚೀಟಿಯೂ ಬಿಡದಂತೆ, ನೋಡುತ್ತಿರುವ ಎರಡು ಕಣ್ಣು.

"ಎಷ್ಟು ಬೇಗ ಕಂಡುಹಿಡಿದೆ!" ಎಂದಳು ಅವಳು ಮೈಕಿನಲ್ಲಿ. "ಬಾ, ನಿನ್ನ ಕೈಯಾರೆ ತಿದ್ದು."

ಮಗಳು ಓಡಿಬಂದಳು. ಅವಳು ಬಗ್ಗಿ ಕೊರಳು ಕೊಟ್ಟಳು. ಪುಟ್ಟ ಬೆರಳುಗಳು ಪಿನ್ನಿನೊಡನೆ ಹೆಣಗಿ ಚೀಟಿಯನ್ನು ಬಿಡಿಸಿದವು. ಆಮೇಲೆ, ಆಟದ ನಿಯಮ ಯಾರೂ ಮರೆಯಬಾರದೆಂಬಂತೆ, ಮಗು ಬರಿಯ ಅಂಗೈಯನ್ನು ಮುಂದಕ್ಕೆ ಚಾಚಿ ನಿಂತಿತು. ಅವಳು ಕೋಟಿನ ಕಿಸೆಗೆ ಕೈ ಹಾಕಿದಳು. ಏನೂ ಇರಲಿಲ್ಲ. ಇನ್ನೊಂದಕ್ಕೂ ಹಾಕಿದಳು. "ಇಲ್ಲಿ ತಗೋ ಪುಟ್ಟಿ" ಎಂದು ಔಷಧಿ ಅಂಗಡಿಯವನು ಎದ್ದ. "ನನ್ನ ಹತ್ರಾನೂ ಇದೆ" ಎಂದ ಡ್ರೈವರು. ಯಾರು ಮೊದಲು ನಕ್ಕರೋ, ಬಹುಶಃ ಅಮ್ಮನೇ. ಬರಬರುತ್ತ ಕುರ್ಚಿಗಳು ಅಲುಗಾಡುವಷ್ಟು ನಗು. ಡ್ರಿಲ್ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, ಚಿಕ್ಕ ಕೋಣೆಯಲ್ಲಿ ಹೇಗೆ ನಗಬೇಕೆಂಬುದನ್ನೂ ಮರೆತು ನಗುತ್ತಿದ್ದರು. ಮೈದಾನದ ಆಚೆ ಬದಿಯಲ್ಲಿ ಯಾರಾದರೂ ನಿಂತಿದ್ದರೆ, ಅವರಿಗೂ ಅದು ಕೇಳಿಸಿರಬೇಕು.